ಬುದ್ಧಿಮಾಪನ ಪರೀಕ್ಷೆ ಮತ್ತು ನಮ್ಮ ಮಕ್ಕಳು



“ಇವನ ಐಕ್ಯು ಕಡಿಮೆ, ಓದು ಹತ್ತುವುದಿಲ್ಲ” ಎಂಬ ಮಾತು ಈಗ ಮನೆಯಲ್ಲೂ ಶಾಲೆಯಲ್ಲೂ ಸಲೀಸಾಗಿ ಬರುತ್ತದೆ. ಈ ಐಕ್ಯು ಎಲ್ಲಿಂದ ಬಂತು, ಏಕೆ ಬಂತು ಎಂದು ತಾವು ಯೋಚಿಸಿದ್ದೀರಾ?

1904ರಲ್ಲಿ ಫ್ರಾನ್ಸ್ ಸರ್ಕಾರ ಪಾಠದಲ್ಲಿ ಹಿಂದುಳಿದ ಮಕ್ಕಳಿಗಾಗಿ ಒಂದು ಸಮಿತಿ ನೇಮಿಸಿತು. ಅದರಲ್ಲಿದ್ದ ಆಲ್ಫ್ರೆಡ್ ಬಿನೆ ಅವರು ವೈದ್ಯ ಸಿಮೋನ್ ಜೊತೆ ಸೇರಿ 1905ರಲ್ಲಿ ಒಂದು ಪರೀಕ್ಷೆ ಸಿದ್ಧಪಡಿಸಿದರು. ಯಾವ ಮಗುವಿಗೆ ವಿಶೇಷ ಪಾಠ ಬೇಕೆಂದು ಗುರುತಿಸುವುದೇ ಅದರ ಉದ್ದೇಶ. ಅಭ್ಯಾಸದಿಂದ ಬುದ್ಧಿ ಬೆಳೆಯುತ್ತದೆ ಎಂದು ಬಿನೆ ನಂಬಿದ್ದರು. 1911ರಲ್ಲಿ ಅವರು ತೀರಿಕೊಂಡರು. ಮುಂದೆ ಅಮೆರಿಕದಲ್ಲಿ ಇದೇ ಪರೀಕ್ಷೆ ಮನುಷ್ಯರ ಮೇಲೆ ಮೊಹರು ಒತ್ತುವ ಸಾಧನವಾಯಿತು. ನ್ಯೂಯಾರ್ಕ್ ಬಂದರಿನಲ್ಲಿ ಆಗಷ್ಟೇ ಹಡಗಿನಿಂದಿಳಿದ ವಲಸಿಗರಿಗೆ ದುಭಾಷಿಯ ಮೂಲಕ ಪ್ರಶ್ನೆ ಕೇಳಿ, ಅನೇಕರನ್ನು ಮಂದಬುದ್ಧಿಯವರೆಂದು ಬರೆದುಕೊಂಡರು.

ನಮ್ಮ ನಾಡಿನ ವಿ. ವಿ. ಕಾಮತ್ ಅವರು ಹಾಗೆ ಮಾಡಲಿಲ್ಲ. ಧಾರವಾಡ ಭಾಗದ ಕನ್ನಡ, ಮರಾಠಿ ಮಕ್ಕಳಿಗೆ ತಕ್ಕಂತೆ ಪ್ರಶ್ನೆಗಳನ್ನು ಹೊಂದಿಸಿದರು. ಯಾವ ವಯಸ್ಸಿನ ಮಗು ಯಾವುದಕ್ಕೆ ಉತ್ತರಿಸುತ್ತದೆಂದು ಮಕ್ಕಳನ್ನೇ ಕೇಳಿ ನೋಡಿದರು. ಈ ಕುರಿತ ಅವರ ಇಂಗ್ಲಿಷ್ ಪುಸ್ತಕ 1940ರಲ್ಲಿ ಹೊರಬಂತು. ‘ಬಿನೆ-ಕಾಮತ್ ಪರೀಕ್ಷೆ’ ಎಂದು ಅದು ಇಂದಿಗೂ ಬಳಕೆಯಲ್ಲಿದೆ.

ಲೆಕ್ಕ ಸರಳ. ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸಬೇಕು. 10 ವರ್ಷದ ಮಗು 8 ವರ್ಷದವರ ಮಟ್ಟದಲ್ಲಿ ಉತ್ತರಿಸಿದರೆ ಐಕ್ಯು 80.

ಈಗ ನಮ್ಮ ಊರುಗಳ ಕಡೆ ನೋಡೋಣ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಗಳಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಮಾಡುವ ಮನೆಯ ಹುಡುಗಿ ಗೂಡನ್ನು ಬೆರಳಲ್ಲಿ ಒತ್ತಿ ಗಟ್ಟಿಯೋ ಪೊಳ್ಳೋ ಹೇಳಬಲ್ಲಳು. ಅವಳಿಗೇ ಕನ್ನಡದಲ್ಲಿ ಎರಡು ಪದಗಳ ವ್ಯತ್ಯಾಸ ಕೇಳಿದರೆ ಸುಮ್ಮನಾಗಬಹುದು. ಆ ಮೌನಕ್ಕೂ ಸೊನ್ನೆಯೇ. ಹೀಗೆ ಬಂದ 80ರಲ್ಲಿ ಬುದ್ಧಿಯ ಪಾಲೆಷ್ಟು, ಭಾಷೆಯ ಪಾಲೆಷ್ಟು?

ಪರೀಕ್ಷೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ನಿಜವಾಗಿ ಬೌದ್ಧಿಕ ತೊಂದರೆ ಇರುವ ಮಗುವಿಗೆ ಪ್ರಮಾಣಪತ್ರ, ಸರ್ಕಾರಿ ಸೌಲಭ್ಯ ಸಿಗಲು ಅದು ಬೇಕು. ಮುಚ್ಚಿಟ್ಟರೆ ನಷ್ಟ ಮಗುವಿಗೇ. ಆದರೆ ತಮ್ಮ ಮಗುವನ್ನು ಪರೀಕ್ಷೆಗೆ ಕರೆದೊಯ್ದಾಗ ಮೂರು ಪ್ರಶ್ನೆ ತಪ್ಪದೆ ಕೇಳಿ. ಪರೀಕ್ಷೆ ಯಾವ ಭಾಷೆಯಲ್ಲಿ? ಮೊದಲು ಕಣ್ಣು, ಕಿವಿ ತಪಾಸಣೆ ಆಗಿದೆಯೇ? ಫಲಿತಾಂಶ ಬಂದ ಮೇಲೆ ಮಗುವಿಗೆ ಯಾವ ನೆರವು ಸಿಗುತ್ತದೆ?

ಶಿಕ್ಷಕ ಮಿತ್ರರೇ, ಯಾವ ಪರೀಕ್ಷೆಯೂ ಇಲ್ಲದೆ ತರಗತಿಯಲ್ಲಿ ಒಂದು ಮಗುವನ್ನು ‘ದಡ್ಡ’ ಎಂದು ಕರೆಯುವ ಹಕ್ಕು ನಮಗಿಲ್ಲ. ಮಗು ಉತ್ತರಿಸದಿದ್ದರೆ ಅದೇ ಪ್ರಶ್ನೆಯನ್ನು ಅದರ ಮನೆಮಾತಿನಲ್ಲಿ ಇನ್ನೊಮ್ಮೆ ಕೇಳೋಣ.