ಬಳಕೆಯ ಮಾತು ಯಾರ ಬಳಕೆಯದು?

ಪದಗಳ ಆಟ ಎಲ್ಲಿ ನಡೆದರೂ ‘ಇದೂ ಒಂದು ಪದವೇ?’ ಎಂಬ ಜಗಳ ಒಮ್ಮೆಯಾದರೂ ಏಳದಿರುವುದಿಲ್ಲ. ಒಬ್ಬರು ‘ಎಲ್ಲರಿಗೂ ಗೊತ್ತಿರುವ ಮಾತು’ ಎನ್ನುತ್ತಾರೆ; ಇನ್ನೊಬ್ಬರು ‘ನಾನಂತೂ ಕೇಳಿಲ್ಲ’ ಎನ್ನುತ್ತಾರೆ. ಪತ್ರಿಕೆಯ ಪದಬಂಧ ಬಿಡಿಸುವವರಿಗೂ, ಜಗಲಿಯ ಮೇಲೆ ಕುಳಿತು ಅಂತ್ಯಾಕ್ಷರಿಯಾಡುವವರಿಗೂ ಈ ಅನುಭವ ಉಂಟು. ಅಂಥ ಒಂದು ಜಗಳದಲ್ಲಿ ಒಮ್ಮೆ ನಾನೇ ತೀರ್ಪುಗಾರನಾಗಿದ್ದೆ. ನಾನು ಕೊಟ್ಟ ತೀರ್ಪು ತಪ್ಪಾಗಿತ್ತು. ಆ ತಪ್ಪಿನಿಂದ ಕಲಿತುದನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಚಾಮರಾಜನಗರದ ಸಮೀಪದ ಹರದನಹಳ್ಳಿ, ದಿವ್ಯಲಿಂಗೇಶ್ವರನ ದೇವಾಲಯದಿಂದ ಹೆಸರಾದ ಹಳೆಯ ಊರು. ಅಲ್ಲಿಯ ನಮ್ಮ ಬಂಧುಗಳ ಮನೆಯಲ್ಲಿ ಮಳೆಗಾಲದ ಒಂದು ಸಂಜೆ ಮಕ್ಕಳು ದೊಡ್ಡವರೆಲ್ಲ ಕಲೆತಿದ್ದೆವು. ಕರೆಂಟು ಹೋಗಿತ್ತು. ಅಕ್ಕಪಕ್ಕದ ಮನೆಯ ಮಕ್ಕಳೂ ಬಂದು ಸೇರಿದರು. ಪದಗಳ ಅಂತ್ಯಾಕ್ಷರಿ ಮೊದಲಾಯಿತು. ಒಬ್ಬರ ಪದ ಯಾವ ಅಕ್ಷರದಲ್ಲಿ ಮುಗಿಯುವುದೋ ಅದೇ ಅಕ್ಷರದಿಂದ, ಗುಣಿತವನ್ನೂ ಬಿಡದೆ, ಮುಂದಿನವರು ಆರಂಭಿಸಬೇಕು. ಅಚ್ಚಗನ್ನಡದ ಮಾತುಗಳು ಣಕಾರ ಳಕಾರಗಳಿಂದ ಮೊದಲಾಗುವುದಿಲ್ಲವಾದುದರಿಂದ, ಅವು ಬಂದಾಗ ನಕಾರ ಲಕಾರಗಳನ್ನು ಹಿಡಿಯಬಹುದೆಂದು ಒಪ್ಪಿಕೊಂಡೆವು. ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳಿದವನೆಂಬ ಗೌರವದಿಂದ, ಆಟಗಾರನಾದ ನನ್ನನ್ನೇ ತೀರ್ಪುಗಾರನನ್ನಾಗಿಯೂ ಮಾಡಿದರು. ಕೆಡುಕು ಆರಂಭವಾದುದು ಅಲ್ಲಿಯೇ.

ಯಾರೋ ‘ಸ್ವಾಮಿ’ ಎಂದರು. ಸರದಿ ನನ್ನದು. ‘ಮಿಸುನಿ’ ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ‘ಹಾಗೆಂದರೆ ಬಂಗಾರ, ಹಳೆಯ ಕಾವ್ಯಗಳಲ್ಲಿ ಬರುತ್ತದೆ’ ಎಂದು ವಿವರಿಸಿದೆ. ಯಾರೂ ತಕರಾರು ಎತ್ತಲಿಲ್ಲ. ಎರಡು ಸುತ್ತು ಕಳೆದು ಮತ್ತೊಬ್ಬರು ‘ಭೂಮಿ’ ಎಂದಾಗ, ಪಕ್ಕದ ಮನೆಯ ಹನ್ನೊಂದು ವರ್ಷದ ಹುಡುಗಿಯ ಸರದಿ ಬಂದಿತು. ಅವಳು ಕ್ಷಣವೂ ಯೋಚಿಸದೆ ‘ಮಿಣಿ’ ಎಂದಳು. ನಾನು ನಕ್ಕು, ‘ಅದು ಮಣಿಯಮ್ಮ; ಮಕಾರ, ಮಿಕಾರವಲ್ಲ’ ಎಂದೆ. ‘ಮಣಿ ಅಲ್ಲ ಮೇಷ್ಟ್ರೆ, ಮಿಣಿ’ ಎಂದಳು. ಪೇಟೆಯಿಂದ ಬಂದ ಹುಡುಗರು ನಕ್ಕರು. ಅಂಥ ಪದವಿಲ್ಲವೆಂದು ನಾನು ತೀರ್ಪು ಕೊಟ್ಟೆ. ಅವಳು ವಾದಿಸಲಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಎದ್ದು ಮನೆಗೆ ಹೋದಳು.

ಮರುದಿನ ಬೆಳಗ್ಗೆ ಅವರ ಮನೆಯ ಮುಂದೆ ಹಾದುಹೋಗುವಾಗ ಅವಳ ಅಜ್ಜ ನೇಗಿಲು ಸಜ್ಜು ಮಾಡುತ್ತಿದ್ದರು. ಮಾತಿಗೆ ಮಾತು ಬಂದು ಕೇಳಿದೆ. ‘ಮಿಣಿ ಅಂದ್ರ ಗೊತ್ತಿಲ್ವ ಮೇಷ್ಟ್ರೆ? ನೊಗವ ಈಸಿಗ ಬಿಗಿಯೋದು ಅದ್ರಲ್ಲೆ’ ಎಂದು ಕೈಯಲ್ಲಿದ್ದುದನ್ನೇ ತೋರಿಸಿದರು. ಮಿಣಿಯೆಂದರೆ ಚರ್ಮದ ಹಗ್ಗ. ಅವರ ಕೈಯಲ್ಲಿದ್ದುದು ನೈಲಾನು ಹಗ್ಗವಾಗಿತ್ತು. ವಸ್ತು ಬದಲಾಗಿದ್ದರೂ ಹೆಸರು ಬದಲಾಗಿರಲಿಲ್ಲ.

ಊರಿಗೆ ಹಿಂದಿರುಗಿದವನು ಮೊದಲು ಮಾಡಿದ ಕೆಲಸವೆಂದರೆ ಕಿಟೆಲ್ಲರ ನಿಘಂಟನ್ನು ತೆಗೆದುದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಕೋಶದಲ್ಲಿ ನನ್ನ ಮಿಸುನಿಯೂ ಇದೆ, ಆ ಹುಡುಗಿಯ ಮಿಣಿಯೂ ಇದೆ. ಎರಡಕ್ಕೂ ನಡುವೆ ಹೆಚ್ಚು ದೂರವಿಲ್ಲ. ಒಂದಕ್ಕೆ ಎತ್ತರದ ಪೀಠ, ಇನ್ನೊಂದಕ್ಕೆ ಚಾಪೆ ಎಂಬ ಭೇದವನ್ನು ಆ ಮಿಷನರಿ ಮಾಡಲಿಲ್ಲ. ಆ ಭೇದವನ್ನು ಮಾಡಿದವನು ನಾನು. ನಾನು ಅರಿತಿದ್ದ ಅಪರೂಪದ ಪದ ಪಾಂಡಿತ್ಯವೆನಿಸಿತು. ನಾನು ಅರಿಯದ ಪದ ಉಚ್ಚಾರಣೆಯ ದೋಷವೆನಿಸಿತು.

ಹಾಗಾದರೆ ಬಳಕೆಯ ಪದ ಯಾವುದು, ಅಪರೂಪದ ಪದ ಯಾವುದು? ಈ ಪ್ರಶ್ನೆ ನಮ್ಮಲ್ಲಿ ಹೊಸದಲ್ಲ. ಹಳೆಯ ಕಾವ್ಯದಲ್ಲಿ ಸೊಗಸೆನಿಸುವ ಹಳಗನ್ನಡದ ಮಾತು ಹೊಸ ಕಾಲದ ಕೃತಿಯಲ್ಲಿ ಹೊಂದದೆ ಹೋಗುತ್ತದೆಂಬ ಎಚ್ಚರಿಕೆ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿಯೇ ಇದೆ. ನಮ್ಮ ಕಾಲದಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಕ್ಲಿಷ್ಟಪದಗಳಿಗೆಂದೇ ಒಂದು ಕೋಶವನ್ನು ರಚಿಸಿ ಓದುಗರಿಗೆ ಮಹೋಪಕಾರ ಮಾಡಿದರು. ಆದರೆ ಕ್ಲಿಷ್ಟವೆಂಬುದು ಓದುವವನನ್ನು ನೋಡಿ ಆಡುವ ಮಾತು. ಉಳುವವನಿಗೆ ಮಿಣಿ, ಮೇಣಿ, ಈಸು ಕ್ಲಿಷ್ಟವಲ್ಲ. ನಮಗೆ ‘ಅನುಸ್ವಾರ’ ಕ್ಲಿಷ್ಟವಲ್ಲ. 1995ರಲ್ಲಿ ಎಂಟನೆಯ ಸಂಪುಟದೊಂದಿಗೆ ಪೂರ್ಣಗೊಂಡ ಸಾಹಿತ್ಯ ಪರಿಷತ್ತಿನ ಬೃಹತ್ಕೋಶವು ಶಾಸನ, ಕಾವ್ಯಗಳ ಪ್ರಯೋಗಗಳನ್ನು ಎತ್ತಿ ತೋರಿಸುತ್ತದೆ. ಪದವೊಂದು ಇದೆಯೆಂದು ನಿಘಂಟು ಸಾಕ್ಷಿ ನುಡಿಯಬಲ್ಲುದು. ಯಾವ ಮನೆಯಲ್ಲಿ ಅದು ದಿನದ ಮಾತು, ಯಾವ ಮನೆಯಲ್ಲಿ ಅದು ಅತಿಥಿ ಎಂಬುದನ್ನು ಹೇಳಲಾರದು.

ಪದಗಳ ಭಾಗ್ಯವೂ ವಿಚಿತ್ರ. ಪುರಾಣದ ಕಥೆಗಳಲ್ಲಿ ಎಲ್ಲೋ ಒಮ್ಮೆ ಕೇಳಿಬರುತ್ತಿದ್ದ ‘ಆಕಾಶವಾಣಿ’ ಎಂಬ ಮಾತು, 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರದ ಹೆಸರಾಗಿ, ಮುಂದೆ ದೇಶಕ್ಕೆಲ್ಲ ಮನೆಮಾತಾಯಿತು. ಹರದನಹಳ್ಳಿಯ ಹೆಸರನ್ನೇ ನೋಡಿ. ಹಳಗನ್ನಡದಲ್ಲಿ ಪರದನೆಂದರೆ ವ್ಯಾಪಾರಿ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪರದ ಹರದನಾದ. ಊರ ಹೆಸರಿನಲ್ಲಿರುವುದು ಇದೇ ಪದವೆಂದು ತೋರುತ್ತದೆ. ಪದವಾಗಿ ಅದು ಇಂದು ಅಪರೂಪ. ಆದರೆ ಬಸ್ಸಿನ ಕಂಡಕ್ಟರು ಅದನ್ನು ದಿನಕ್ಕೆ ಹತ್ತು ಬಾರಿ ಕೂಗುತ್ತಾನೆ.

ಮಿಣಿಯ ದಾರಿ ಇದಕ್ಕೆ ವಿರುದ್ಧವಾದುದು. ಟ್ರಾಕ್ಟರು ಬಂದ ಹೊಲದಲ್ಲಿ ನೊಗಕ್ಕೆ ಕೆಲಸವಿಲ್ಲ, ನೊಗವಿಲ್ಲದ ಮೇಲೆ ಮಿಣಿಗೆ ಕೆಲಸವಿಲ್ಲ. ಅಜ್ಜನ ಬಳಕೆಯ ಮಾತು ಮೊಮ್ಮಗಳ ಕಾಲಕ್ಕೆ ತಾನಾಗಿ ಅಪರೂಪವಾಗುತ್ತದೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಆದರೆ ಆ ಮಾತು ಇನ್ನೂ ಬಾಯಲ್ಲಿರುವ ಮಗುವಿಗೆ ‘ಅಂಥ ಪದವಿಲ್ಲ’ ಎಂದು ಹೇಳಿ, ಅದು ನಾಚಿಕೊಂಡು ಬಿಟ್ಟುಬಿಡುವಂತೆ ಮಾಡುವುದು ಬೇರೆಯೇ ಸಂಗತಿ. ಇಂಥ ತೀರ್ಪುಗಳನ್ನು ತರಗತಿಯಲ್ಲಿ ಎಷ್ಟು ಸಲ ಕೊಟ್ಟಿದ್ದೆನೋ ಎಂಬ ಯೋಚನೆ ನನ್ನನ್ನು ಈಗಲೂ ಕಾಡುತ್ತದೆ.

ಅಂದಿನಿಂದ ನಮ್ಮ ಮನೆಯ ಆಟದಲ್ಲಿ ಒಂದು ನಿಯಮವಿದೆ. ಪದ ಹೇಳಿದವರು, ಅದನ್ನು ಯಾರು, ಯಾವ ಕೆಲಸದಲ್ಲಿ, ಅಥವಾ ಯಾವ ಕಾವ್ಯದಲ್ಲಿ ಬಳಸುತ್ತಾರೆಂದು ತಿಳಿಸಬೇಕು. ತಿಳಿಸಿದರೆ ಪದ ಸಲ್ಲುತ್ತದೆ. ನನ್ನ ಮಿಸುನಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ.

ಮುಂದಿನ ಸಲ ಹರದನಹಳ್ಳಿಗೆ ಹೋದಾಗ ಆ ಹುಡುಗಿಯನ್ನು ಕಂಡು, ಪದ ಅವಳದೇ ಸರಿಯೆಂದು ಎಲ್ಲರೆದುರಿಗೆ ಹೇಳಿದೆ. ಅವಳು, ‘ಹಂಗಾದ್ರ ಣಿಗ ನೀವೆ ಹೇಳಿ ಮೇಷ್ಟ್ರೆ’ ಎಂದಳು. ನಿಕಾರ ಹಿಡಿದು ‘ನಿಘಂಟು’ ಎಂದೆ. ‘ಅಂದ್ರ?’ ಎಂದು ಕೇಳಿದಳು. ಹೇಳಿದೆ. ಸ್ವಲ್ಪ ಯೋಚಿಸಿ, ಆಗಬಹುದೆಂದು ಒಪ್ಪಿಕೊಂಡಳು.