ಟೊಂಕನೋವಿಗೆ ಶಯ್ಯೆಯೋ ನಡಿಗೆಯೋ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಟೊಂಕನೋವು, ಬೆನ್ನುನೋವು, ಕುತ್ತಿಗೆಯ ಸೆಳೆತ, ಮಂಡಿಯ ಬೇನೆ ಇವು ಯಾವ ಮನೆಯನ್ನೂ ಬಿಟ್ಟಿಲ್ಲ. ಇವುಗಳಿಂದ ಪ್ರಾಣಹಾನಿಯಾಗುವದು ಅಪರೂಪವಾದ್ದರಿಂದ ಜನರು ಇವನ್ನು ದೊಡ್ಡ ರೋಗಗಳ ಸಾಲಿನಲ್ಲಿ ಎಣಿಸುವದಿಲ್ಲ. ಆದರೆ ದುಡಿಯುವ ಯಜಮಾನನು ಆರು ತಿಂಗಳು ಹಾಸಿಗೆ ಹಿಡಿದನೆಂದರೆ ಆ ಮನೆಯ ಬೇಸಾಯವೂ ವ್ಯಾಪಾರವೂ ಮಕ್ಕಳ ವಿದ್ಯಾಭ್ಯಾಸವೂ ನಿಂತುಹೋಗುವವು. 2020ನೆಯ ಇಸವಿಯಲ್ಲಿ ಜಗತ್ತಿನಲ್ಲಿ ಸುಮಾರು 61 ಕೋಟಿ 90 ಲಕ್ಷ ಜನರು ಟೊಂಕನೋವಿನಿಂದ ಬಳಲುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿರುವದು. ಮನುಷ್ಯರನ್ನು ಕೆಲಸಕ್ಕೆ ಅಸಮರ್ಥರನ್ನಾಗಿ ಮಾಡುವ ಕಾರಣಗಳಲ್ಲಿ ಇದಕ್ಕೇ ಮೊದಲ ಸ್ಥಾನವು. ಇಂಥ ನೋವು ಬಂದಾಗ ಹಿರಿಯರು ಹೇಳುವ ಮೊದಲ ಮಾತು, “ಅಲುಗಾಡಬೇಡ, ಮಲಗಿಕೋ” ಎಂಬದು. ನೂರು ವರ್ಷಕ್ಕೂ ಮಿಗಿಲಾಗಿ ವೈದ್ಯರೂ ಅದನ್ನೇ ಹೇಳಿದರು. ಆ ಮಾತು ಎಲ್ಲಿಂದ ಹುಟ್ಟಿತು, ಯಾರು ಅದನ್ನು ಪರೀಕ್ಷೆಗೆ ಒಡ್ಡಿದರು, ಪರೀಕ್ಷೆಯಲ್ಲಿ ಅದು ನಿಂತಿತೋ ಬಿದ್ದಿತೋ ಎಂಬದೇ ಈ ಉಪನ್ಯಾಸದ ವಿಷಯವು.

ಈ ಬೇನೆಯು ಹೊಸದಲ್ಲ. ಟೊಂಕದಿಂದ ಹೊರಟು ತೊಡೆ, ಮೀನಖಂಡ, ಪಾದಗಳವರೆಗೆ ಇಳಿಯುವ ನೋವನ್ನು ಚರಕಸಂಹಿತೆಯು ಗೃಧ್ರಸೀ ಎಂಬ ಹೆಸರಿನಿಂದ ವಾತವ್ಯಾಧಿಗಳಲ್ಲಿ ಹೇಳಿರುವದು. ಅದೇ ಸಂಹಿತೆಯು ದೇಹಕ್ಕೆ ಸ್ಥೈರ್ಯವನ್ನೂ ಬಲವನ್ನೂ ಕೊಡುವ ಚೇಷ್ಟೆಯನ್ನು ವ್ಯಾಯಾಮವೆಂದು ಕರೆದು, ಅದನ್ನು ಮಿತಿಯರಿತು ಮಾಡಬೇಕೆಂದೂ, ಮಿತಿ ಮೀರಿದರೆ ಅದೇ ರೋಗಕ್ಕೆ ಕಾರಣವಾಗುವದೆಂದೂ ಎಚ್ಚರಿಸಿರುವದು. ಸುಶ್ರುತ ವಾಗ್ಭಟರು ‘ಅರ್ಧಶಕ್ತಿ’ಯೆಂಬ ಅಳತೆಯನ್ನೇ ಕೊಟ್ಟಿರುವರು. ಇಷ್ಟರಿಂದ ನವೀನರು ಕಂಡುಹಿಡಿದದ್ದೆಲ್ಲವೂ ಪ್ರಾಚೀನರಲ್ಲಿಯೇ ಇತ್ತೆಂದು ಬೀಗುವದು ಪಂಡಿತರಿಗೆ ತಕ್ಕದ್ದಲ್ಲ. ಎಣಿಸಿ, ತೂಗಿ, ಹೋಲಿಸಿ ನೋಡುವ ಕ್ರಮವು ಬೇರೆಯೇ ಒಂದು ಶ್ರಮವು. ಆ ಶ್ರಮವನ್ನು ಪಟ್ಟವರಿಗೆ ಅದರ ಕೀರ್ತಿಯು ಸಲ್ಲಬೇಕು.

ಶಯ್ಯಾವಿಶ್ರಾಂತಿಯ ಪಕ್ಷವು ಬಲವಾಗಿ ಬೇರೂರಿದ್ದು ಇಂಗ್ಲಂಡ ದೇಶದಲ್ಲಿ. ಲಂಡನ್ನಿನ ಗೈ ಆಸ್ಪತ್ರೆಯ ಶಸ್ತ್ರವೈದ್ಯನಾದ ಜಾನ್ ಹಿಲ್ಟನನು ವಿಶ್ರಾಂತಿ ಮತ್ತು ನೋವುಗಳನ್ನು ಕುರಿತು ಮಾಡಿದ ಉಪನ್ಯಾಸಗಳು 1863ರಲ್ಲಿ ಪುಸ್ತಕವಾಗಿ ಬಂದವು. ನೋವು ಎಂಬದು ಪ್ರಕೃತಿಯೇ ಕೊಡುವ ಎಚ್ಚರಿಕೆಯು, ಆದ್ದರಿಂದ ನೊಂದ ಅಂಗಕ್ಕೆ ವಿಶ್ರಾಂತಿಯೇ ಮುಖ್ಯೌಷಧವು ಎಂಬದು ಅವನ ವಾದದ ಸಾರಾಂಶವು. ಅವನ ತರುವಾಯ ಲಿವರ್‌ಪೂಲಿನಲ್ಲಿ ಹ್ಯೂ ಓವೆನ್ ಥಾಮಸ್ ಎಂಬವನು ಆ ಮತವನ್ನು ಇನ್ನೂ ಕಟ್ಟುನಿಟ್ಟು ಮಾಡಿದನು. ಇವನು ಎಲುಬು ಕೂಡಿಸುವವರ ಮನೆತನದಲ್ಲಿ ಹುಟ್ಟಿ ವೈದ್ಯವಿದ್ಯೆಯನ್ನು ಕ್ರಮವಾಗಿ ಕಲಿತವನು. ಮುರಿದ ಎಲುಬಿಗೂ ಕ್ಷಯ ತಗಲಿದ ಕೀಲಿಗೂ ದೀರ್ಘಕಾಲದ, ಎಡೆಬಿಡದ ವಿಶ್ರಾಂತಿ ಬೇಕೆಂದು ಸಾರಿ, ತೊಡೆಯೆಲುಬನ್ನು ಅಲುಗದಂತೆ ಹಿಡಿಯುವ ಕಬ್ಬಿಣದ ಕಟ್ಟನ್ನು ತಾನೇ ರಚಿಸಿದನು. ಅವನು 1891ರಲ್ಲಿ ತೀರಿಕೊಂಡ ಮೇಲೆ ಮೊದಲನೆಯ ಮಹಾಯುದ್ಧದಲ್ಲಿ ಆ ಕಟ್ಟು ಎಷ್ಟೋ ಸೈನಿಕರ ಜೀವವನ್ನು ಉಳಿಸಿತು. ಮುರಿದ ಎಲುಬಿನ ವಿಷಯದಲ್ಲಿ ಅವನು ಹೇಳಿದ್ದು ಯಥಾರ್ಥವೇ. ತಪ್ಪು ನಡೆದದ್ದು ಮುಂದೆ: ಎಲುಬೂ ಮುರಿಯದ, ಸೋಂಕೂ ತಗಲದ ಸಾಮಾನ್ಯ ಟೊಂಕನೋವಿಗೂ ಅದೇ ನ್ಯಾಯವನ್ನು ಹಚ್ಚಿದರು. ದೃಷ್ಟಾಂತಕ್ಕೂ ದಾರ್ಷ್ಟಾಂತಿಕಕ್ಕೂ ಸಾಮ್ಯವಿದೆಯೇ ಎಂದು ಯಾರೂ ಕೇಳಲಿಲ್ಲ.

1934ರಲ್ಲಿ ಅಮೇರಿಕೆಯ ಬಾಸ್ಟನ್ ನಗರದ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು ಬೆನ್ನುಮಣಿಗಳ ನಡುವಣ ಮೆತ್ತೆಯು ಒಡೆದು ಹೊರಚಾಚಿ ನರವನ್ನು ಒತ್ತಿದಾಗ ಕಾಲಿಗೆ ಇಳಿಯುವ ನೋವು ಉಂಟಾಗುವದೆಂದು ತೋರಿಸಿದರು. ಇದೂ ಸತ್ಯವಾದ ಶೋಧವೇ. ಆದರೆ ಅಂದಿನಿಂದ ಪ್ರತಿಯೊಂದು ಟೊಂಕನೋವಿಗೂ ಮೆತ್ತೆಯೇ ಕಾರಣವೆಂಬ ಗುಮಾನಿಯು ಹಬ್ಬಿತು. ಬೆನ್ನು ಗಾಜಿನ ಪಾತ್ರೆಯೋ ಎಂಬಂತೆ ಜನರು ಅಂಜತೊಡಗಿದರು. ವಾರಗಟ್ಟಲೆ ಹಾಸಿಗೆಯಲ್ಲಿಡುವದು ರೂಢಿಯಾಯಿತು. ಹಾಸಿಗೆಯೇ ಒಂದು ಅಪಾಯವೆಂದು ಮೊದಲು ಎತ್ತಿ ಹೇಳಿದವರಲ್ಲಿ ಲಂಡನ್ನಿನ ರಿಚರ್ಡ್ ಆಶರ್ ಎಂಬ ವೈದ್ಯನು ಒಬ್ಬನು. 1947ರಲ್ಲಿ ಬರೆದ ಚಿಕ್ಕ ಲೇಖನದಲ್ಲಿ ಅವನು, ಬಹುಕಾಲ ಮಲಗಿದವನ ಸ್ನಾಯುಗಳು ಕೃಶವಾಗುವವು, ಎಲುಬಿನ ಸುಣ್ಣವು ಕರಗುವದು, ಕಾಲಿನ ರಕ್ತವು ಹೆಪ್ಪುಗಟ್ಟುವದು, ಮನಸ್ಸೂ ಕುಗ್ಗುವದು ಎಂದು ಒಂದೊಂದಾಗಿ ತೋರಿಸಿದನು. ಆದರೂ ಟೊಂಕನೋವಿನವರ ಹಾಸಿಗೆಯು ಇನ್ನೂ ನಲವತ್ತು ವರ್ಷ ತೆಗೆಯಲ್ಪಡಲಿಲ್ಲ.

ಅದನ್ನು ತೆಗೆಸಿದ್ದು ವಾದವಲ್ಲ, ಪ್ರಯೋಗವು. ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಮೂರು ಗುಂಪುಗಳಾಗಿ ಹಂಚಿ, ಒಂದೊಂದು ಗುಂಪಿಗೆ ಒಂದೊಂದು ಉಪಚಾರವನ್ನು ಮಾಡಿ, ಕೊನೆಗೆ ಹೋಲಿಸಿ ನೋಡುವದೇ ಆ ಕ್ರಮವು. ವೈದ್ಯನು ತನಗೆ ಬೇಕಾದವನನ್ನು ತನಗೆ ಬೇಕಾದ ಗುಂಪಿಗೆ ಸೇರಿಸಲು ಅದರಲ್ಲಿ ಎಡೆಯಿಲ್ಲವಾದ್ದರಿಂದ ಪಕ್ಷಪಾತವು ಕಳೆಯುವದು. ರಿಚರ್ಡ್ ಡೇಯೊ ಮತ್ತು ಅವನ ಸಂಗಡಿಗರು ಟೆಕ್ಸಾಸ್ ಪ್ರಾಂತದಲ್ಲಿ 203 ಜನ ಟೊಂಕನೋವಿನವರನ್ನು ಹೀಗೆ ಹಂಚಿ, ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಬೇಕೆಂದು ಹೇಳಿದರು. 1986ರಲ್ಲಿ ಪ್ರಕಟವಾದ ಫಲವೇನೆಂದರೆ, ಎರಡು ದಿನದ ಅಪ್ಪಣೆ ಪಡೆದವರು ಕೆಲಸಕ್ಕೆ ತಪ್ಪಿಸಿಕೊಂಡ ದಿನಗಳು ಶೇಕಡಾ 45ರಷ್ಟು ಕಡಿಮೆಯಾಗಿದ್ದವು. ಉಳಿದ ವಿಷಯಗಳಲ್ಲಿ ಏಳು ದಿನದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಎರಡು ದಿನವಾದರೂ ಬೇಕೇ ಎಂಬ ಪ್ರಶ್ನೆಯನ್ನು ಫಿನ್ಲಂಡ ದೇಶದವರು ಕೇಳಿದರು. ಹೆಲ್ಸಿಂಕಿ ನಗರಸಭೆಯ ನೌಕರರಲ್ಲಿ ಹೊಸದಾಗಿ ಟೊಂಕನೋವು ಬಂದ 186 ಜನರನ್ನು ಮೂರು ಗುಂಪು ಮಾಡಿದರು. ಮೊದಲನೆಯವರು ಎರಡು ದಿನ ಮಲಗಬೇಕು. ಎರಡನೆಯವರು ಬೆನ್ನು ಬಾಗಿಸುವ ವ್ಯಾಯಾಮಗಳನ್ನು ಮಾಡಬೇಕು. ಮೂರನೆಯವರು ನೋವು ತಡೆಯುವಷ್ಟರ ಮಟ್ಟಿಗೆ ತಮ್ಮ ನಿತ್ಯದ ಕೆಲಸಗಳನ್ನು ನಡೆಸಿಕೊಂಡು ಹೋಗಬೇಕು. 1995ರಲ್ಲಿ ಮಾಲ್ಮಿವಾರಾ ಎಂಬವನೂ ಅವನ ಸಹೋದ್ಯೋಗಿಗಳೂ ಫಲವನ್ನು ಪ್ರಕಟಿಸಿದರು. ಎಲ್ಲರಿಗಿಂತ ಬೇಗ ಗುಣ ಹೊಂದಿದವರು ಮೂರನೆಯ ಗುಂಪಿನವರು, ಎಲ್ಲರಿಗಿಂತ ತಡವಾಗಿ ಎದ್ದವರು ಮಲಗಿದವರು. ಇಲ್ಲಿ ವ್ಯಾಯಾಮಪಕ್ಷದವರೂ ಒಂದು ಪಾಠವನ್ನು ಕಲಿಯಬೇಕಾಗಿರುವದು: ನೋವು ಹೊಸದಾಗಿ ಬಂದಾಗ ಗೊತ್ತುಮಾಡಿಕೊಟ್ಟ ವಿಶೇಷ ವ್ಯಾಯಾಮವು ನಿತ್ಯದ ಸಾಮಾನ್ಯ ಓಡಾಟವನ್ನು ಮೀರಿಸಲಿಲ್ಲ. ವ್ಯಾಯಾಮಕ್ಕೆ ಸ್ಥಾನವಿರುವದು ನೋವು ಹಳೆಯದಾದಾಗ, ಹಾಗೂ ಮರಳಿ ಬಾರದಂತೆ ತಡೆಯುವಾಗ.

ಇದು ಹೇಗೆ ಸಾಧ್ಯವೆಂದು ಕೇಳುವವರಿಗೆ ಉತ್ತರವು ದೇಹದ ರಚನೆಯಲ್ಲಿಯೇ ಇರುವದು. ಕೀಲುಗಳ ತುದಿಯ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಒತ್ತಿ ಬಿಟ್ಟಂತೆ ಆಗುವ ಚಲನೆಯಿಂದಲೇ ಕೀಲಿನ ರಸವು ಅದರೊಳಗೆ ಸೇರಿ ಹೊರಬಂದು ಅದನ್ನು ಪೋಷಿಸುವದು. ಅಲುಗದ ಕೀಲು ಉಪವಾಸವಿದ್ದಂತೆ. ಇನ್ನೊಂದು ಕಾರಣವು ಮನಸ್ಸಿನದು. ಗ್ಲಾಸ್ಗೋ ನಗರದ ಗಾರ್ಡನ್ ವಾಡೆಲ್ ಎಂಬ ಶಸ್ತ್ರವೈದ್ಯನು 1987ರಲ್ಲಿ, ನೋವು ಬೇರೆ, ನೋವಿನಿಂದ ಬರುವ ಅಸಾಮರ್ಥ್ಯವು ಬೇರೆ ಎಂದು ವಿಂಗಡಿಸಿ ತೋರಿಸಿದನು. ನೊಂದವನು ಅಂಜುವನು, ಅಂಜಿದವನು ಅಲುಗನು, ಅಲುಗದವನು ಬಲಗುಂದುವನು, ಬಲಗುಂದಿದವನಿಗೆ ಸ್ವಲ್ಪ ಅಲುಗಿದರೂ ಹೆಚ್ಚು ನೋಯುವದು. ಶಸ್ತ್ರಹಿಡಿದು ಬಾಳಿದವನೇ ಶಸ್ತ್ರದ ಮಿತಿಯನ್ನು ಹೇಳಿದ್ದು ಅವನ ದೊಡ್ಡಸ್ತಿಕೆಯು.

ಇಂದಿನ ಜನರ ಅಂಜಿಕೆಯನ್ನು ಹೆಚ್ಚಿಸುವ ಇನ್ನೊಂದು ವಸ್ತುವೆಂದರೆ ಎಂ.ಆರ್.ಐ. ಎಂಬ ಚಿತ್ರವು. “ಮೆತ್ತೆ ಸವೆದಿದೆ, ಉಬ್ಬಿದೆ” ಎಂದು ಬರೆದ ಕಾಗದವನ್ನು ಹಿಡಿದು ರೋಗಿಯು ಕಂಗಾಲಾಗುವನು. ಅಮೇರಿಕೆಯಲ್ಲಿ ಬೆನ್ನುನೋವೇ ಇಲ್ಲದ 98 ಜನರ ಚಿತ್ರಗಳನ್ನು ತೆಗೆದು ನೋಡಿದಾಗ ಶೇಕಡಾ 52 ಜನರಲ್ಲಿ ಒಂದಾದರೂ ಮೆತ್ತೆಯು ಉಬ್ಬಿದ್ದು ಕಂಡಿತೆಂದು 1994ರಲ್ಲಿ ವರದಿಯಾಯಿತು. ತಲೆಗೂದಲು ನರೆತಂತೆ ಮೆತ್ತೆಯೂ ವಯಸ್ಸಿಗೆ ಸವೆಯುವದು. ಮಂಡಿಯ ವಿಷಯದಲ್ಲಿ ಇದಕ್ಕಿಂತ ವಿಚಿತ್ರವಾದ ಪ್ರಯೋಗವು ಹ್ಯೂಸ್ಟನ್ ನಗರದಲ್ಲಿ ನಡೆಯಿತು. ಸವೆದ ಮಂಡಿಯೊಳಗೆ ನಳಿಗೆ ತೂರಿಸಿ ಕೆರೆದು ತೊಳೆಯುವ ಚಿಕಿತ್ಸೆಯು ಆಗ ಬಹು ಪ್ರಚಾರದಲ್ಲಿತ್ತು. 180 ಜನರನ್ನು ಅವರ ಒಪ್ಪಿಗೆಯಿಂದಲೇ ಹಂಚಿ, ಒಂದು ಗುಂಪಿನವರಿಗೆ ಬರಿಯ ಚರ್ಮವನ್ನು ಕೊಯ್ದು ಹೊಲಿದು ಕಳಿಸಿದರು. ಎರಡು ವರ್ಷದವರೆಗೆ ನೋಡಿದರೂ ನಿಜವಾದ ಚಿಕಿತ್ಸೆ ಹೊಂದಿದವರು ಬರಿಯ ಹೊಲಿಗೆಯವರಿಗಿಂತ ಮೇಲಾಗಿರಲಿಲ್ಲ. 2002ರಲ್ಲಿ ಇದು ಪ್ರಕಟವಾಯಿತು. ಅಫೀಮಿನ ಜಾತಿಯ ಔಷಧಗಳದೂ ಇದೇ ಕಥೆಯು. ಸಿಡ್ನಿಯ ಸಂಶೋಧಕರು 347 ಜನರಲ್ಲಿ ಪರೀಕ್ಷಿಸಿ, ಹೊಸ ಬೆನ್ನುನೋವು ಕುತ್ತಿಗೆನೋವುಗಳಿಗೆ ಅಂಥ ಔಷಧವು ಸುಳ್ಳು ಗುಳಿಗೆಗಿಂತ ಹೆಚ್ಚು ಶಮನ ಕೊಡಲಿಲ್ಲವೆಂದು 2023ರಲ್ಲಿ ತಿಳಿಸಿದರು. ಅದೇ ವರ್ಷದ ಡಿಸೆಂಬರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಳೆಯ ಟೊಂಕನೋವಿಗೆ ಟೊಂಕದ ಪಟ್ಟಿ, ತೂಕ ಕಟ್ಟಿ ಎಳೆಯುವ ಚಿಕಿತ್ಸೆ, ಅಫೀಮಿನ ಜಾತಿಯ ಔಷಧ ಇವನ್ನು ರೂಢಿಯಾಗಿ ಕೊಡಬಾರದೆಂದೂ, ತಿಳುವಳಿಕೆ ಮತ್ತು ವ್ಯಾಯಾಮಗಳನ್ನು ಕೊಡಬೇಕೆಂದೂ ಸೂಚಿಸಿತು.

ದೇಹದ ಚಲನೆಯ ಮಹತ್ವವನ್ನು ಕುರಿತ ಸಂಶೋಧನೆಯು ಹುಟ್ಟಿದ್ದು ಮತ್ತೊಂದು ಕಡೆಯಿಂದ. ಅದನ್ನು ಹೇಳದೆ ಬಿಡಲಾಗದು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಇಬ್ಬರು ದುಡಿಯುತ್ತಿದ್ದರು: ದಿನವೆಲ್ಲ ಕುಳಿತೇ ಇರುವ ಡ್ರೈವರನು, ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರನು. ಜೆರ್ರಿ ಮಾರಿಸ್ ಎಂಬ ವೈದ್ಯನು ಸುಮಾರು 31,000 ನೌಕರರ ಲೆಕ್ಕಗಳನ್ನು ತೆಗೆದು, ಡ್ರೈವರರಿಗಿಂತ ಕಂಡಕ್ಟರರಲ್ಲಿ ಹೃದಯಾಘಾತವು ಗಣನೀಯವಾಗಿ ಕಡಿಮೆಯೆಂದು 1953ರಲ್ಲಿ ತೋರಿಸಿದನು. ಆಮೇಲೆ ಅವನಿಗೇ ಸಂಶಯ ಬಂದಿತು. ದಪ್ಪ ಮೈಯವರೇ ಮೊದಲಿನಿಂದ ಡ್ರೈವರರಾಗುತ್ತಿರಬಹುದಲ್ಲವೇ ಎಂದು, ನೌಕರರಿಗೆ ಹೊಲಿಸಿಕೊಟ್ಟ ಪಾಯಜಾಮೆಗಳ ಟೊಂಕದ ಅಳತೆಗಳನ್ನೂ ತರಿಸಿ ನೋಡಿದನು. ಡ್ರೈವರರ ಅಳತೆಯು ದೊಡ್ಡದೇ ಇತ್ತು. ತನ್ನ ಸಿದ್ಧಾಂತವನ್ನು ತಾನೇ ಜರಡಿ ಹಿಡಿದ ಈ ಮನುಷ್ಯನು 99 ವರ್ಷ ಬದುಕಿ 2009ರಲ್ಲಿ ತೀರಿಕೊಂಡನು. ಅವನು ತೆರೆದ ದಾರಿಯಲ್ಲಿಯೇ ಮುಂದೆ ಅನೇಕ ಸಂಶೋಧನೆಗಳು ನಡೆದು, ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ಚಲನೆಯಲ್ಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿತು.

ಈ ಎರಡು ಹೊಳೆಗಳು ಕೂಡಿದ್ದು ಈಚೆಗೆ. ಡೆನ್ಮಾರ್ಕಿನಲ್ಲಿ 2013ರಿಂದ ‘ಗ್ಲಾಡ್’ ಎಂಬ ಹೆಸರಿನ ವ್ಯವಸ್ಥೆಯು ಮಂಡಿ ಮತ್ತು ತೊಡೆಸಂದಿನ ಸವೆತದವರಿಗೆ ತಿಳುವಳಿಕೆಯ ಪಾಠಗಳನ್ನೂ, ಶಿಕ್ಷಕರ ಎದುರಿನಲ್ಲಿ 12 ಸಲ ವ್ಯಾಯಾಮವನ್ನೂ ಕೊಡುತ್ತ ಬಂದಿರುವದು. ಆಸ್ಟ್ರೇಲಿಯದಲ್ಲಿ ಟೊಂಕನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರನ್ನು ಹಂಚಿ, ಒಂದು ಗುಂಪಿಗೆ ನಡಿಗೆಯನ್ನು ಕಲಿಸಿದರು. ಅವರವರ ಶಕ್ತಿಯನ್ನು ನೋಡಿ ಸ್ವಲ್ಪ ಸ್ವಲ್ಪವೇ ಏರಿಸುತ್ತ, ಆರು ತಿಂಗಳೊಳಗೆ ವಾರಕ್ಕೆ ಐದು ಸಲ ಅರ್ಧ ಗಂಟೆಯ ನಡಿಗೆಗೆ ಮುಟ್ಟಿಸುವದು ಉದ್ದೇಶವು. 2024ರಲ್ಲಿ ಬಂದ ಫಲದಂತೆ, ಏನೂ ಉಪಚಾರವಿಲ್ಲದವರಿಗೆ ನೋವು ಮರುಕಳಿಸಲು ಹಿಡಿದ ನಡುಗಾಲವು 112 ದಿನ, ನಡೆದವರಿಗೆ 208 ದಿನ. ನೋವು ಪೂರ್ತಿ ನಿಂತಿತೆಂದು ಯಾರೂ ಹೇಳಿಲ್ಲ. ಹೆಚ್ಚುಕಡಿಮೆ ಮೂರು ತಿಂಗಳ ನೆಮ್ಮದಿಯು ಹೆಚ್ಚು ದೊರೆಯಿತು, ಅದೂ ಖರ್ಚಿಲ್ಲದ ಸಾಧನದಿಂದ.

ಇಷ್ಟೆಲ್ಲ ತಿಳಿದ ಮೇಲೂ ಜನರ ನಂಬಿಕೆಯನ್ನು ತಿರುಗಿಸುವದು ಸುಲಭವಲ್ಲ. ಆಸ್ಟ್ರೇಲಿಯದ ವಿಕ್ಟೋರಿಯಾ ಪ್ರಾಂತದಲ್ಲಿ 1997ರಿಂದ 1999ರವರೆಗೆ ಟೆಲಿವಿಜನ್ ಮೂಲಕ, ಬೆನ್ನುನೋವೆಂದು ಮಲಗಬೇಡಿರಿ, ಕೆಲಸದಲ್ಲಿರಿ ಎಂದು ಸಾರಿದರು. ಜನರ ನಂಬಿಕೆಯೂ ವೈದ್ಯರ ನಂಬಿಕೆಯೂ ಬದಲಾಯಿತು, ಪರಿಹಾರಧನದ ಅರ್ಜಿಗಳೂ ಕಡಿಮೆಯಾದವು. ನೆರೆಯ ನ್ಯೂ ಸೌತ್ ವೇಲ್ಸದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಆದರೆ ಸ್ಕಾಟ್ಲಂಡದಲ್ಲಿಯೂ ಕೆನಡಾದ ಆಲ್ಬರ್ಟಾದಲ್ಲಿಯೂ ಇದೇ ರೀತಿ ಸಾರಿದಾಗ ನಂಬಿಕೆಯು ಬದಲಾಯಿತೇ ಹೊರತು ಕೆಲಸ ತಪ್ಪಿಸುವದು ಕಡಿಮೆಯಾಗಲಿಲ್ಲ. ಬರಿಯ ಉಪದೇಶದಿಂದ ಆಗುವದಕ್ಕೆ ಒಂದು ಮಿತಿಯಿರುವದೆಂಬದನ್ನು ಉಪನ್ಯಾಸ ಮಾಡುವವರು ಮರೆಯಬಾರದು.

ಕೇಳುವ ತಾಯಂದಿರಲ್ಲಿ ಕೆಲವರಿಗೆ, ದಿನವೆಲ್ಲ ಬಾಗಿ ಕಳೆ ತೆಗೆಯುವವರಿಗೆ ಇನ್ನೆಷ್ಟು ಚಲನೆ ಬೇಕು ಎಂದು ತೋರಬಹುದು. ಅದು ನ್ಯಾಯವಾದ ಮಾತು. ಮೇಲೆ ಹೇಳಿದ ಪ್ರಯೋಗಗಳು ಬಹುತರ ಕುಳಿತು ದುಡಿಯುವ ಸಮಾಜಗಳಲ್ಲಿ ನಡೆದವು. ಒಂದೇ ಭಂಗಿಯಲ್ಲಿ ಎಂಟು ತಾಸು ದುಡಿದವಳಿಗೆ ‘ಇನ್ನೂ ನಡೆ’ ಎಂಬುವದು ಔಷಧವಲ್ಲ, ಅಪಹಾಸ್ಯವು. ಅವಳಿಗೆ ಬೇಕಾದದ್ದು ಭಂಗಿಯ ಬದಲಾವಣೆ, ಹೊರೆಯ ಹಂಚಿಕೆ, ನಡುವೆ ಬಿಡುವು. ನೋವು ಬಂದ ದಿನ ಹಗುರಾದ ಕೆಲಸವನ್ನು ಕೊಡುವ ಒಡೆಯನು.

ಮತ್ತೊಂದು ಎಚ್ಚರವು ಅವಶ್ಯವು. ಎಲ್ಲ ಬೆನ್ನುನೋವೂ ಸಾಮಾನ್ಯವಲ್ಲ. ಟೊಂಕನೋವಿನ ಜೊತೆಗೆ ಮಲಮೂತ್ರಗಳ ಹಿಡಿತ ತಪ್ಪಿದರೆ, ಮೂತ್ರವು ಕಟ್ಟಿದರೆ, ತೊಡೆಸಂದಿಯ ಒಳಭಾಗವು ಜೋಮು ಹಿಡಿದರೆ, ಕಾಲಿನ ಬಲವು ಕುಂದುತ್ತ ನಡೆದರೆ ಅದು ನರಗಳ ಮೇಲಿನ ಒತ್ತಡವಾಗಿರಬಹುದು. ಅಂಥವರನ್ನು ಅದೇ ದಿನ, ರಾತ್ರಿಯಾಗಿದ್ದರೆ ರಾತ್ರಿಯೇ, ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಒಯ್ಯತಕ್ಕದ್ದು. ಜ್ವರದೊಡನೆ ಬಂದ ಬೆನ್ನುನೋವು, ಬಿದ್ದ ಮೇಲೆ ಮುದುಕರಿಗೆ ಬಂದ ನೋವು, ಮೊದಲು ಅರ್ಬುದರೋಗವಾಗಿದ್ದವರ ನೋವು, ಕಾರಣವಿಲ್ಲದೆ ಮೈ ಇಳಿಯುತ್ತಿರುವವರ ನೋವು ಇವುಗಳನ್ನೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕ್ಷಯವು ಬೆನ್ನುಮಣಿಗೂ ತಗಲುವದುಂಟು. ಆ ರೋಗವು ಈ ದೇಶದಲ್ಲಿ ಇನ್ನೂ ಇರುವದರಿಂದ, ವಾರಗಟ್ಟಲೆ ಸಂಜೆಯ ಜ್ವರವೂ ರಾತ್ರಿಯ ಬೆವರೂ ಇದ್ದು ಬೆನ್ನು ನೋಯುವವರು ನಡಿಗೆಯನ್ನು ಆರಂಭಿಸುವ ಮೊದಲು ಆ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು.