ಗಾಜಿಲ್ಲದ ಲೆನ್ಸಿನ ಫೋಕಸ್

ಮೋಷನ್ ಗ್ರಾಫಿಕ್ಸ್ ತಂತ್ರಾಂಶದೊಳಗಿನ ಕ್ಯಾಮೆರಾ, ಅದರ ಫೋಕಸ್ ಕೈಕೊಟ್ಟರೆ ಏನು ಮಾಡಬೇಕು ಎಂಬುದು ಇವತ್ತಿನ ವಿಷಯ. ಆಫ್ಟರ್ ಎಫೆಕ್ಟ್ಸ್ ಬಳಸುವವರಿಗೆ ಮೊದಲ ಪಾಠವೆಲ್ಲ ಗೊತ್ತಿದ್ದದ್ದೇ. ಲೇಯರುಗಳನ್ನು ಹಿಂದೆ ಮುಂದೆ ನಿಲ್ಲಿಸಿ, ಕ್ಯಾಮೆರಾ ಇಟ್ಟು, ಡೆಪ್ತ್ ಆಫ್ ಫೀಲ್ಡ್ ಆನ್ ಮಾಡುವುದು. ಅಪರ್ಚರ್ ಏರಿಸಿದಷ್ಟೂ ಹಿನ್ನೆಲೆ ಮಸುಕು. ಫೋಕಸ್ ದೂರಕ್ಕೆ ಯಾವ ಅಂಕಿ ಕೊಡುತ್ತೀರೋ ಅಷ್ಟು ದೂರದಲ್ಲಿದ್ದದ್ದು ಸ್ಪಷ್ಟ. ಅದನ್ನು ಮತ್ತೆ ಹೇಳುವುದಿಲ್ಲ.

ಫೋಕಸ್ಸಿನ ಮಾತು ಬಂತೆಂದರೆ ನನಗೆ ಪಿಕ್ಸಾರ್‌ನವರ ‘ವಾಲ್-ಇ’ ನೆನಪಾಗದೆ ಇರದು. 2008ರ ಚಿತ್ರ, ನಿರ್ದೇಶಕ ಆಂಡ್ರ್ಯೂ ಸ್ಟಾಂಟನ್. ಕಸದ ರಾಶಿಯಾದ ಭೂಮಿಯ ಮೇಲೆ ಒಂಟಿಯಾಗಿ ಉಳಿದ ಪುಟ್ಟ ರೋಬೋ. ಮೊದಲ ಭಾಗದಲ್ಲಂತೂ ಮಾತೇ ಇಲ್ಲವೆನ್ನಬೇಕು. ನೋಡುವವರ ಕಣ್ಣು ಎಲ್ಲಿ ನಿಲ್ಲಬೇಕೆಂದು ಅಲ್ಲಿ ಫೋಕಸ್ಸೇ ಹೇಳಬೇಕು. ಸ್ಟಾಂಟನ್ ಅವರಿಗೆ 1970ರ ದಶಕದ ಚಿತ್ರಗಳ ನೋಟ ಬೇಕಿತ್ತು, ಕಂಪ್ಯೂಟರಿನ ಕ್ಯಾಮೆರಾ ಅದನ್ನು ಕೊಡುತ್ತಿರಲಿಲ್ಲ. ಆಗ ಏನು ಮಾಡಿದರು ಗೊತ್ತೇ? ಆ ಕಾಲದ ಪ್ಯಾನವಿಷನ್ ಕ್ಯಾಮೆರಾ ತರಿಸಿ, ರೋಬೋಗಳ ಮಾದರಿ ಮಾಡಿ ನಿಲ್ಲಿಸಿ, ನಿಜವಾಗಿ ಚಿತ್ರೀಕರಿಸಿದರು. ಅದೇ ಏರ್ಪಾಡನ್ನು ಕಂಪ್ಯೂಟರಿನಲ್ಲೂ ಕಟ್ಟಿ ಎರಡನ್ನೂ ಹೋಲಿಸಿ ನೋಡಿದರು. ವ್ಯತ್ಯಾಸ ಎದ್ದು ಕಂಡಿತು, ತಂತ್ರಾಂಶದ ಲೆನ್ಸನ್ನೇ ತಿದ್ದಿದರು. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಅವರನ್ನು ಸಲಹೆಗೆ ಕರೆಸಿದರು. ದೋಷ ಹುಡುಕುವುದೆಂದರೆ ಹೀಗೆ!

ಚಿತ್ರದ ಇನ್ನೊಂದು ರೋಬೋ ಈವ್‌ಳನ್ನು ವಾಲ್-ಇ ತನ್ನ ಮನೆಗೆ ಕರೆತಂದ ದೃಶ್ಯ ನೋಡಿ. ಹಿಂದಿನ ದೀಪದ ಸರ ಮಸುಕಾಗಿ, ಒಂದೊಂದು ದೀಪವೂ ಉದ್ದಕ್ಕೆ ನಿಂತ ಮೊಟ್ಟೆಯಾಕಾರ ತಾಳುತ್ತದೆ. ಸಾದಾ ಲೆನ್ಸಿನಲ್ಲಾದರೆ ದುಂಡಗೆ ಕಾಣಬೇಕಿತ್ತು. ಅಗಲದ ದೃಶ್ಯವನ್ನು ಪಕ್ಕಗಳಿಂದ ಒತ್ತಿ ಫಿಲ್ಮಿಗೆ ಹಿಡಿಸುವ ಅನಾಮಾರ್ಫಿಕ್ ಲೆನ್ಸಿನ ಗುಣ ಅದು. ಭಾರತದಲ್ಲಿ ಆ ಬಗೆಯ ಲೆನ್ಸಿನಲ್ಲಿ, ಸಿನಿಮಾಸ್ಕೋಪಿನಲ್ಲಿ, ಮೊದಲು ಬಂದ ಚಿತ್ರ 1959ರ ‘ಕಾಗಜ್ ಕೆ ಫೂಲ್’. ಛಾಯಾಗ್ರಹಣ ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಅವರದು. ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ಹಾಯಿಸಿ ಅವರು ಇಳಿಸಿದ ಆ ಬೆಳಕಿನ ಕೋಲು! ಛಾಯಾಗ್ರಾಹಕರೊಬ್ಬರಿಗೆ ಮೊಟ್ಟಮೊದಲ ಬಾರಿ ಫಾಲ್ಕೆ ಪ್ರಶಸ್ತಿ ಸಂದದ್ದು ಅವರಿಗೇ. ಅವರ ಬಗ್ಗೆ ಇನ್ನೊಂದು ಭಾಷಣವೇ ಬೇಕು, ಇರಲಿ.

ಫೋಕಸ್ ಕೈಕೊಡುವ ಮಾತಿಗೆ ಬರುತ್ತೇನೆ. ಕ್ಯಾಮೆರಾ ಮುಂದೆ ಸರಿಯಿತು, ಶೀರ್ಷಿಕೆ ಮಸುಕಾಯಿತು. ಏಕೆಂದರೆ ಫೋಕಸ್ ದೂರ ಬರೀ ಒಂದು ಅಂಕಿ, ಯಾವ ಲೇಯರಿಗೂ ಅಂಟಿಕೊಂಡಿಲ್ಲ. ಶೂಟಿಂಗಿನಲ್ಲಾದರೆ ಟೇಪು ಹಿಡಿದು ಅಳೆಯಲು ಫೋಕಸ್ ಪುಲ್ಲರ್ ಇರುತ್ತಾರೆ. ಇಲ್ಲಿ ಆ ಅಂಕಿಯನ್ನು ಲೇಯರಿಗೆ ಲಿಂಕ್ ಮಾಡುವ ಕಮಾಂಡ್ ಕ್ಯಾಮೆರಾ ಮೆನುವಿನಲ್ಲೇ ಇದೆ. ಕೆಲವರು ತಾವೇ ಎಕ್ಸ್‌ಪ್ರೆಷನ್ ಬರೆದು ಕ್ಯಾಮೆರಾದಿಂದ ಲೇಯರಿಗಿರುವ ದೂರ ಅಳೆಯುತ್ತಾರೆ. ಲೇಯರು ಫ್ರೇಮಿನ ನಡುವೆ ಇದ್ದರೆ ಸರಿ, ಅಂಚಿಗೆ ಹೋದರೆ ಎಡವಟ್ಟು. ಮುಂದಕ್ಕೆ 1000 ಪಿಕ್ಸೆಲ್, ಪಕ್ಕಕ್ಕೆ 500 ಇದ್ದರೆ ಓರೆ ದೂರ ಸುಮಾರು 1118 ಆಗುತ್ತದೆ. ಸ್ಪಷ್ಟವಾಗಿ ಕಾಣುವ ಜಾಗವಾದರೋ ಕ್ಯಾಮೆರಾದ ನೋಟಕ್ಕೆ ಅಡ್ಡವಾಗಿ ನಿಂತ ಗೋಡೆಯ ಹಾಗೆ. ಆ ಗೋಡೆ 1000ದಲ್ಲಿ ಇರಬೇಕಾದದ್ದು 118 ಪಿಕ್ಸೆಲ್ ಹಿಂದೆ ಹೋಗಿ ನಿಲ್ಲುತ್ತದೆ! ನೋಟದ ನೇರಕ್ಕೇ ಅಳೆಯಬೇಕು. ಆ ಕಮಾಂಡ್ ಮಾಡುವುದೂ ಅದನ್ನೇ, ನನಗದು ತುಂಬ ಚೆಂದದ ಗಣಿತ.

ಸಮಯ ಮುಗಿಯಿತೆಂದು ಸ್ಟುಡಿಯೋದ ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ. ಬೇಗ ಹೇಳಿಬಿಡುತ್ತೇನೆ. ಕ್ಯಾಮೆರಾವನ್ನು ನಲ್‌ಗೆ ಪೇರೆಂಟ್ ಮಾಡಿದ್ದರೆ ಅದರ ಪೊಸಿಷನ್ ಅಂಕಿ ನಲ್‌ನಿಂದಾದ ಲೆಕ್ಕ, ಅದನ್ನು ಹಾಗೇ ನಂಬಬೇಡಿ. ಲಿಂಕ್ ಮಾಡಿದ ಫೋಕಸ್ ಕೂರುವುದು ಲೇಯರಿನ ಆಂಕರ್ ಪಾಯಿಂಟಿನಲ್ಲಿ. ಓರೆಯಾಗಿ ನಿಂತ ಉದ್ದ ಶೀರ್ಷಿಕೆಯ ತುದಿ ಮಸುಕಾದರೆ ಅಪರ್ಚರ್ ಇಳಿಸಿ. ಬ್ಲರ್ ಕಾಣದಿದ್ದರೆ ಡ್ರಾಫ್ಟ್ ನೋಟ ಆನ್ ಆಗಿದೆಯೇ ನೋಡಿ. 3ಡಿ ಸ್ವಿಚ್ ಹಾಕದ ಲೇಯರಿಗೆ ಕ್ಯಾಮೆರಾ ತಾಕುವುದೇ ಇಲ್ಲ. ಫೋಕಸ್ ಒಂದರಿಂದ ಇನ್ನೊಂದಕ್ಕೆ ಸರಿಸುವ ಬಗ್ಗೆ ಹೇಳಲು ಆಗಲೇ ಇಲ್ಲ, ಕೀಫ್ರೇಮುಗಳಿಗೆ ಈಸ್ ಕೊಡುವುದನ್ನು ಮಾತ್ರ ಮರೆಯಬೇಡಿ.